ಮೂರು ಸಲ ಕೇಳಿ ಬರೆಯುತ್ತಿದ್ದವರು

ಹೋದ ತಿಂಗಳು ನಮ್ಮೂರು ಕಮಲಾಪುರದ ಶಾಲೆಯವರು ನನ್ನನ್ನು ಒಂದು ಸಮಾರಂಭಕ್ಕೆ ಕರೆದಿದ್ದರು. ಹೆಡ್‌ಮಾಸ್ತರರು ಮಕ್ಕಳಿಗೆ ನನ್ನ ಪರಿಚಯ ಮಾಡಿಕೊಡುತ್ತ, "ನಿಜಾಮರ ಕಾಲದಾಗ ಬಂದೂಕಿನ ಲೈಸನ್ಸ್ ಕೇಳಲಿಕ್ಕೆ ಹೋದಾಗ, ಯಾರೂ ಕೇಳದಿದ್ದರೂ ತಮ್ಮ ಹಳೇ ತಪ್ಪನ್ನ ತಾವಾಗೇ ಸರಕಾರಕ್ಕ ಹೇಳಿಕೊಂಡ ಸತ್ಯವಂತರು ಇವರು" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕೈಮುಗಿದು ಕೂತೆ. ಈ ಮಾತು ನಮ್ಮೂರಲ್ಲಿ ಐವತ್ತು ವರ್ಷಕ್ಕೂ ಮೇಲ್ಪಟ್ಟು ಓಡಾಡಿಕೊಂಡಿದೆ. ಅದನ್ನು ಹಬ್ಬಿಸಿದವನು ನಾನಲ್ಲ, ಆದರೆ ಒಮ್ಮೆಯೂ ತಿದ್ದಿದವನೂ ಅಲ್ಲ. ಈಗ ನನಗೆ ಎಪ್ಪತ್ತಾರು ವರ್ಷ. ಇನ್ನು ಮುಂದೂಡುವಂತಿಲ್ಲ.

ನಾನಾಗಿ ಹೇಳಲಿಲ್ಲ. ನನ್ನಿಂದ ಹೇಳಿಸಿದವರು ಒಬ್ಬರಿದ್ದರು. ಹೊಗಳಿಕೆ ಅವರಿಗೆ ಸಲ್ಲಬೇಕು, ಅವರ ಬಗ್ಗೆಯೇ ಬರೆಯುತ್ತೇನೆ.

ಕಲಬುರಗಿಯಲ್ಲಿ ತಾಲೂಕದಾರರ ಕಚೇರಿ ಎಂದರೆ ಈಗಿನ ಕಲೆಕ್ಟರ ಕಚೇರಿ ಇದ್ದ ಹಾಗೆ. ಅದರ ಅಂಗಳದ ಬೇವಿನ ಕೆಳಗೆ ಚಾಪೆ ಹಾಸಿ, ಒಂದು ಕಟ್ಟಿಗೆಯ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು, ಜನರ ಅರ್ಜಿಗಳನ್ನು ಉರ್ದುವಿನಲ್ಲಿ ಬರೆದುಕೊಡುತ್ತಿದ್ದವರು ಅವರು. ಎಲ್ಲರೂ ಮುನ್ಶಿ ಸಾಬರು ಎನ್ನುತ್ತಿದ್ದರು. ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಕಂಡಕಂಡ ಕಾಗದದ ಮೇಲೆ ಬೀಳುವುದನ್ನು ಅವರು ಸಹಿಸುತ್ತಿರಲಿಲ್ಲ.

ಎತ್ತರದ, ತೆಳ್ಳಗಿನ ಮನುಷ್ಯ. ಮೊಣಕೈ ಹತ್ತಿರ ಸವೆದ ಒಂದೇ ಶೇರವಾನಿ. ಲೇಖನಿಯ ಮಸಿಯನ್ನು ಅದರ ಅಂಚಿನ ಒಳಮಗ್ಗುಲಿಗೆ ಒರೆಸುತ್ತಿದ್ದುದರಿಂದ ಹೊರಗೆ ಸ್ವಚ್ಛ, ಒಳಗೆ ಕಪ್ಪು. ತಮ್ಮ ಅಕ್ಷರದ ಬಗ್ಗೆ ಬಹಳ ಜಂಬವಿತ್ತು. ಬರೆದು ಮುಗಿಸಿದ ಮೇಲೆ ಕಾಗದವನ್ನು ಎರಡು ಕೈಯಲ್ಲಿ ದೂರ ಹಿಡಿದು, ಅರ್ಜಿದಾರ ಕಾಯುತ್ತಿದ್ದರೂ ಲೆಕ್ಕಿಸದೆ, ತಾವೇ ನೋಡಿ ಸುಖಪಡುತ್ತಿದ್ದರು. ಸಿಟ್ಟು ಬೇಗ ಬರುತ್ತಿತ್ತು. ನಾಯಿ ಕಂಡರೆ ಹೆದರಿಕೆ. ಒಂದು ಬಡಕಲು ನಾಯಿ ಅಂಗಳಕ್ಕೆ ಬಂದರೂ ಸಾಕು, ಪೆಟ್ಟಿಗೆ ಎತ್ತಿಕೊಂಡು ಎದ್ದು ನಿಂತು, "ಯಾರದಿದು, ಯಾರದಿದು" ಎಂದು ಎಲ್ಲರ ಮುಖ ನೋಡುತ್ತಿದ್ದರು.

ಬರೆಯುವುದಕ್ಕೆ ಅವರದೇ ಒಂದು ಕ್ರಮವಿತ್ತು. ಬಂದವನು ತನ್ನ ಸಂಗತಿಯನ್ನು ಮೂರು ಸಲ ಹೇಳಬೇಕು. ಮೊದಲನೆಯ ಸಲ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊಸಬರಿಗೆ ನಿದ್ದೆ ಹೋದರೇನೋ ಅನ್ನಿಸುತ್ತಿತ್ತು. ಎರಡನೆಯ ಸಲ ನಡುನಡುವೆ ಪ್ರಶ್ನೆ. ಮೂರನೆಯ ಸಲಕ್ಕೆ ಲೇಖನಿ ಮಸಿಯಲ್ಲಿ ಅದ್ದುತ್ತಿದ್ದರು. ಅಫಜಲಪುರದ ಕಡೆಯ ಒಬ್ಬ ರೈತ ಬೇಸತ್ತು, "ಮೂರ್ ಸಲ ಯಾಕ್ರಿ ಸಾಬ್ರ, ಒಮ್ಮಿ ಹೇಳಿದ್ದು ಕೇಳಸ್ಲಿಲ್ಲೇನ್ರಿ?" ಎಂದಿದ್ದಕ್ಕೆ, "ಮೊದಲನೇ ಸಲ ನೀ ಸಾಹೇಬರಿಗಿ ಹೇಳ್ತಿ. ಎರಡನೇ ಸಲ ನನಗ ಹೇಳ್ತಿ. ಮೂರನೇ ಸಲಕ್ಕ ನಿನಗೇ ಬ್ಯಾಸರಾಗಿ ಇದ್ದದ್ದು ಇದ್ದಂಗ ಹೇಳ್ತಿ" ಎಂದರು. ಇನ್ನೊಬ್ಬ ಅರ್ಜಿಯ ಮೊದಲಿಗೆ ಸಾಹೇಬರನ್ನು ಹೊಗಳಿ ಒಂದು ಪುಟ ಬರೆಯಿರಿ ಎಂದು ಹಟ ಹಿಡಿದ. "ಇಷ್ಟ್ ಎಣ್ಣಿ ಹಚ್ಚಿದ್ರ ಸಾಹೇಬ್ರು ಕುರ್ಚಿ ಮ್ಯಾಲಿಂದ ಜಾರಿ ಬೀಳ್ತಾರ, ಆಮ್ಯಾಲ ನಿನ್ನ ಅರ್ಜಿ ಯಾರ ಓದಬೇಕು?" ಎಂದು ಒಂದೇ ಸಾಲು ಬರೆದರು.

ಆಗಿನ ಕಾಲಕ್ಕೆ ಅರ್ಜಿಯ ಕೊನೆಗೆ ಬರೆದವನು 'ಬಕಲಮ್' ಎಂದು ಹಾಕಿ, ಅಂದರೆ ಇದು ಇಂಥವನ ಲೇಖನಿಯಿಂದ ಎಂದು ತಿಳಿಸಿ, ತನ್ನ ಹೆಸರು ಬರೆಯುವ ರೂಢಿ. ಮುನ್ಶಿ ಸಾಬರು ಯಾರು ಬಂದರೂ ಬರೆದುಕೊಡುತ್ತಿದ್ದರು, ಆದರೆ ತಾವು ನಂಬಿದ ಅರ್ಜಿಗೆ ಮಾತ್ರ ಹೆಸರು ಹಾಕುತ್ತಿದ್ದರು. ಓದು ಬಾರದ ಅರ್ಜಿದಾರರಿಗೆ ಅದು ಗೊತ್ತಾಗುತ್ತಿರಲಿಲ್ಲ. ಕಚೇರಿಯ ಒಳಗಿದ್ದವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಅಕ್ಷರವಿದ್ದು ಹೆಸರಿಲ್ಲದ ಅರ್ಜಿಯನ್ನು ಪೇಶ್ಕಾರರು, ಅಂದರೆ ಕಾಗದಗಳನ್ನು ಸಾಹೇಬರ ಮುಂದಿಡುವ ಗುಮಾಸ್ತರು, ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಹೈಸ್ಕೂಲಿನಲ್ಲಿದ್ದಾಗ. ಕಲಬುರಗಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಅವರ ಬೆನ್ನ ಹಿಂದೆ ನಿಂತು ಅಕ್ಷರ ನೋಡುತ್ತಿದ್ದೆ. ಒಮ್ಮೆ ತಿರುಗಿ, "ಏನ್ ನೋಡಾಕತ್ತಿ?" ಎಂದರು. "ಅಕ್ಷರರಿ." "ನೋಡು. ದುಡ್ಡಿಲ್ಲ ಇದಕ್ಕ." ಆಮೇಲೆ ನನ್ನ ಕಾಪಿ ಪುಸ್ತಕ ಇಸಕೊಂಡು ತಿದ್ದತೊಡಗಿದರು. ನನ್ನ ಉರ್ದು ಅಕ್ಷರ ಚೆಂದವಾದದ್ದು ಅವರಿಂದ. ಅದಕ್ಕೂ ನಾನು ಋಣಿ.

ಈಗ ನನ್ನ ತಪ್ಪಿನ ವಿಷಯ.

ಕಮಲಾಪುರದ ಕೆಂಪು ಬಾಳೆ ಓದುಗರಿಗೆ ಗೊತ್ತಿರಬಹುದು. ನಮ್ಮದೂ ಒಂದು ತೋಟವಿತ್ತು. ಕಾಡುಹಂದಿ ಬಂದು ಗಡ್ಡೆ ಅಗೆದು ಹಾಕುವುದು ಆಗಲೂ ಇತ್ತು. ಅಜ್ಜನ ಕಾಲದ ಒಂದು ಬಂದೂಕು ಮನೆಯಲ್ಲಿತ್ತು, ಕೊಳವೆಯ ಬಾಯಿಂದ ಮದ್ದು, ಗುಂಡು ತುಂಬಿ ಹಾರಿಸುವಂಥದ್ದು. ಪರವಾನಗಿ ಇಲ್ಲದ ಬಂದೂಕುಗಳನ್ನು ತಂದೊಪ್ಪಿಸಬೇಕೆಂದು ಸರಕಾರದ ಹುಕುಂ ಬಂದಾಗ ಅಪ್ಪ ಅದನ್ನು ಒಪ್ಪಿಸದೆ ಅಟ್ಟದ ಮೇಲೆ ಇಟ್ಟಿದ್ದರು. ಹೈಸ್ಕೂಲು ಮುಗಿಸಿ ಊರಿಗೆ ಬಂದ ವರ್ಷ ನಾನು ಅದನ್ನು ಕದ್ದು ಒಯ್ದು ಹಾರಿಸುವುದನ್ನು ಕಲಿತೆ. ಗೊತ್ತಿದ್ದವನು ತೋಟದ ಕಾವಲುಗಾರ ಒಬ್ಬನೇ. ಊರ ಹೊರಗಿನ ಕೇರಿಯವನು. ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ನಾಲ್ಕು ವರ್ಷ ಚಿಕ್ಕವನಿರಬೇಕು. ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವನು ನನ್ನನ್ನು ಸಣ್ಣ ಧಣ್ಯಾರ ಎನ್ನುತ್ತಿದ್ದ.

ಒಂದು ಸಂಜೆ, ಹೊತ್ತು ಮುಳುಗುವ ಮುಂದೆ, ಬಾಳೆಯ ಸಾಲಿನ ಆಚೆ ಏನೋ ಅಲುಗಾಡಿತು. ಹಂದಿ ಎಂದು ಹಾರಿಸಿದೆ. ಹೋಗಿ ನೋಡಿದರೆ ಪಕ್ಕದ ಹೊಲದವರ ಎತ್ತು. ಹಗ್ಗ ಹರಿದುಕೊಂಡು ಬಂದಿತ್ತು. ಕಣ್ಣು ಬಿಟ್ಟುಕೊಂಡೇ ಬಿದ್ದಿತ್ತು.

ನಾವು ಲಿಂಗ ಕಟ್ಟಿಕೊಂಡ ಜನ. ಎತ್ತನ್ನು ಬಸವಣ್ಣ ಎಂದೇ ಕರೆದು, ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿ ಕಾಲಿಗೆ ಬೀಳುವವರು. ಮನುಷ್ಯನನ್ನು ಕೊಂದಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ. ಬಂದೂಕನ್ನು ತೋಟದ ಬಾವಿಗೆ ಎಸೆದೆ. ಮದ್ದು ತುಂಬಿದ ಕೋಡು ಮಾತ್ರ ಉಳಿಯಿತು. ಅದನ್ನು ಯಾಕೆ ಎಸೆಯಲಿಲ್ಲವೋ ಈಗಲೂ ಹೇಳಲಾರೆ. ಕಾವಲುಗಾರನ ಕೈಗೆ ಕೊಟ್ಟು, "ಎರಡ್ ದಿನ ನಿನ್ ಗುಡಸಲದಾಗ ಇಡು" ಎಂದೆ. ಅವನು ನನ್ನ ಮುಖವನ್ನೂ ಕೋಡನ್ನೂ ನೋಡಿ ತೆಗೆದುಕೊಂಡ.

ಮರುದಿನ ಮಹಾಗಾಂವದ ಠಾಣೆಯಿಂದ ಪೊಲೀಸರು ಬಂದರು. ನನ್ನನ್ನೂ ಅವನನ್ನೂ ವಿಚಾರಿಸಿದರು. ನನ್ನನ್ನು ನಮ್ಮ ಪಡಸಾಲೆಯಲ್ಲೇ, ಚಹಾ ಕೊಟ್ಟ ಮೇಲೆ. ಅವನನ್ನು ಠಾಣೆಗೆ ಒಯ್ದು ಎರಡು ದಿನ. ಗುಡಿಸಲಲ್ಲಿ ಕೋಡು ಸಿಕ್ಕಿತ್ತು. ಹೊಲದಲ್ಲಿ ಬಿದ್ದಿತ್ತು, ಎತ್ತಿಟ್ಟಿದ್ದೆ ಎಂದು ಹೇಳಿದನಂತೆ. ಬಂದೂಕು ಸಿಗಲಿಲ್ಲ, ತನಿಖೆ ಅಲ್ಲಿಗೇ ನಿಂತಿತು. ನನ್ನ ಮೇಲೆ ಏನೂ ಇಲ್ಲ ಎಂದು ಬರೆದರು. ಅವನ ಹೆಸರನ್ನು ನಿಗರಾನಿ ಪುಸ್ತಕಕ್ಕೆ ಏರಿಸಿದರು. ಆ ಪುಸ್ತಕದಲ್ಲಿ ಹೆಸರಿದ್ದವನು ವಾರಕ್ಕೊಮ್ಮೆ ಠಾಣೆಗೆ ಹೋಗಿ ಹಾಜರಿ ಕೊಡಬೇಕು, ರಾತ್ರಿ ಪರ ಊರಲ್ಲಿ ಉಳಿಯುವಂತಿಲ್ಲ. ಅವತ್ತಿನಿಂದ ಪ್ರತಿ ಸೋಮವಾರ ಅವನು ಕಮಲಾಪುರದಿಂದ ಮಹಾಗಾಂವಕ್ಕೆ ನಡೆದು ಹೋಗಿ ಬರತೊಡಗಿದ. ನಾನು ನೋಡುತ್ತಿದ್ದೆ. ಸೋಮವಾರ ನಾನು ತೋಟಕ್ಕೆ ಹೋಗುವುದನ್ನು ಬಿಟ್ಟೆ, ಅಷ್ಟೆ.

ಹೀಗೆ ಮೂರು ವರ್ಷ ಆಯಿತು. ಹಂದಿಯ ಕಾಟ ಮತ್ತೆ ಹೆಚ್ಚಿತು. ಕಾಯ್ದೆಯಂತೆ ಬಂದೂಕು ಪಡೆಯೋಣ ಎಂದು ಅಪ್ಪನಿಗೆ ಹೇಳಿದೆ. ಹಂದಿ ಒಂದು ಕಾರಣ. ಹೆಗಲ ಮೇಲೆ ಬಂದೂಕಿದ್ದವನನ್ನು ಊರು ಬೇರೆ ಕಣ್ಣಿನಿಂದ ನೋಡುತ್ತಿತ್ತು, ಅದು ಇನ್ನೊಂದು. ಅರ್ಜಿಯಲ್ಲಿ, ಹಿಂದೆ ಎಂದಾದರೂ ಪೊಲೀಸ್ ವಿಚಾರಣೆ ನಡೆದಿದೆಯೇ ಎಂಬುದನ್ನು ಬರೆಯಲೇಬೇಕಿತ್ತು. ಆ ಸಾಲನ್ನು ಮುನ್ಶಿ ಸಾಬರು ಬರೆದು ಕೆಳಗೆ ತಮ್ಮ ಹೆಸರು ಹಾಕಿದರೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ನನಗೇ ಉರ್ದು ಬರೆಯಲು ಬರುತ್ತಿದ್ದರೂ ಅವರ ಹತ್ತಿರ ಹೋದದ್ದು ಅದಕ್ಕಾಗಿ. ಅವರು ನನ್ನ ಮೇಲೆ ಇಟ್ಟಿದ್ದ ಅಕ್ಕರೆಯನ್ನು ಬಳಸಿಕೊಳ್ಳಲು ಹೋಗಿದ್ದೆ.

ಆಷಾಢದ ಒಂದು ಮುಂಜಾನೆ. ಒಂದು ಚಿಪ್ಪು ಕೆಂಪು ಬಾಳೆಹಣ್ಣು ಅವರ ಪೆಟ್ಟಿಗೆಯ ಪಕ್ಕಕ್ಕೆ ಇಟ್ಟೆ. "ದೊಡ್ಡಾಂವ ಆಗಿದಿ. ಅಕ್ಷರ ಹ್ಯಾಂಗವ?" ಎಂದು ಕೇಳಿದರು. ಚೆನ್ನಾಗಿವೆ ಎಂದೆ. "ನೀ ಹೇಳೋದಲ್ಲ ಅದು" ಎಂದು ಕಣ್ಣು ಮುಚ್ಚಿದರು. ನಾನು ಹೇಳತೊಡಗಿದೆ.

ಒಂದನೆಯ ಸಲ ಸಲೀಸಾಗಿ ಹೋಯಿತು. ಹಂದಿ, ತೋಟ, ಹಿಂದೊಮ್ಮೆ ಯಾರೋ ಎತ್ತನ್ನು ಹೊಡೆದಾಗ ಪೊಲೀಸರಿಗೆ ಒಂದು ಮದ್ದಿನ ಕೋಡು ಸಿಕ್ಕದ್ದು, ನನ್ನನ್ನೂ ವಿಚಾರಿಸಿದ್ದು, ಏನೂ ಇಲ್ಲವೆಂದು ಬಿಟ್ಟದ್ದು. ಎರಡನೆಯ ಸಲ ಕೇಳಿದರು:

"ಮದ್ದಿನ ಕೋಡು ಯಾರ ಮನ್ಯಾಗ ಸಿಕ್ತು?"

"ಕಾವಲ್ಯಾನ ಗುಡಸಲದಾಗರಿ."

"ಅವನ ಹತ್ರ ಬಂದೂಕ ಇತ್ತೇನು?"

"ಗೊತ್ತಿಲ್ಲರಿ."

"ನಿಮ್ಮನ್ಯಾಗ?"

"ನಮ್ಮನ್ಯಾಗ ಬಂದೂಕೇ ಇದ್ದಿಲ್ಲರಿ."

ಮೂರನೆಯ ಸಲಕ್ಕೆ ಬರೆಯತೊಡಗಿದರು. ಅರ್ಧ ಪುಟ ಆಗಿತ್ತು. ಎಲ್ಲ ಸರಿಯಾಗಿ ಸಾಗುತ್ತಿದೆ ಎಂದು ನನಗೆ ಹುರುಪು ಬಂತು. ಜಾಣತನ ತೋರಿಸಲು ಹೋದೆ.

"ಸಾಬ್ರ, ಕಾರ್ತೂಸ್ ಹಾಕೂ ಬಂದೂಕೇ ಬೇಕು ಅಂತ ಬರೀರಿ. ಆ ತುಂಬೂದು ಬ್ಯಾಡ. ಅದು ಎಡಕ್ಕ ಎಳೀತದ. ನಲವತ್ತ್ ಹೆಜ್ಜಿಗಿ ಒಂದ್ ಗೇಣು ಸರೀತದ."

ಲೇಖನಿ ನಿಂತಿತು.

"ಯಾವುದು ಎಡಕ್ಕ ಎಳೀತದ?"

"ತುಂಬೂ ಬಂದೂಕರಿ."

"ಯಾರದು?"

"ಎಲ್ಲಾ ಹಂಗೇ ಇರ್ತಾವಲ್ಲರಿ."

"ಎಲ್ಲಾ ಬಂದೂಕ ಎಡಕ್ಕೇ ಎಳದಿದ್ರ ನಮ್ಮ ಸರ್ಕಾರದ ಫೌಜು ಎಡಕ್ಕ ಸರಕೋತ ಸರಕೋತ ಇಷ್ಟೊತ್ತಿಗಿ ಸೊಲ್ಲಾಪುರ ಸೇರಿರ್ತಿತ್ತು."

ಚಾಪೆಯ ಆಚೆ ಕೂತಿದ್ದ ಒಬ್ಬ ಮುದುಕ ನಕ್ಕ. ಮುನ್ಶಿ ಸಾಬರು ನಗಲಿಲ್ಲ. ಮಸಿದಾನಿಯ ಮುಚ್ಚಳ ಹಾಕಿದರು. ಬರೆದ ಅರ್ಧ ಪುಟವನ್ನು ಮಡಿಚಿ ಪೆಟ್ಟಿಗೆಯೊಳಗೆ ಇಟ್ಟರು. "ಹೊತ್ತಾಗ್ಯದ. ಹೋಗಿ ಊಟಾ ಮಾಡಿ ಬಾ" ಎಂದರು.

ನಮ್ಮೂರ ಕತೆಯಲ್ಲಿ ಈ ಹೊತ್ತಿಗೆ ನನ್ನ ಮನಸ್ಸು ಕರಗಿ ನಿಜ ಹೇಳಿಬಿಡುತ್ತೇನೆ. ನಡೆದದ್ದು ಬೇರೆ. ನಾನು ಎದ್ದು ಊಟಕ್ಕೆ ಹೋಗಲಿಲ್ಲ. ಅಂಗಳದ ಇನ್ನೊಂದು ತುದಿಗೆ, ಗೋಡೆಯ ನೆರಳಿನಲ್ಲಿ, ಮತ್ತೊಬ್ಬ ಅರ್ಜಿ ಬರೆಯುವವನಿದ್ದ. ಅವನು ಒಂದೇ ಸಲ ಕೇಳಿ, ಅದನ್ನೂ ಪೂರ್ತಿ ಕೇಳದೆ, ಬೀಡಿ ಸೇದಿ ಮುಗಿಯುವುದರೊಳಗೆ ಬರೆದುಕೊಟ್ಟ. ವಿಚಾರಣೆಯ ಸಾಲಿನ ಮುಂದೆ 'ಇಲ್ಲ' ಎಂದೇ ಬರೆದಿದ್ದ. "ಇದ್ದದ್ದು ಬರದ್ರ ಯಾರಿಗಿ ಸಿಗ್ತದರಿ ಲೈಸನ್ಸು?" ಎಂದ. ಆ ಕಾಗದ ಹಿಡಿದು ನಾನು ಪೇಶ್ಕಾರರ ಮುಂದೆ ನಿಂತೆ.

ಪೇಶ್ಕಾರರು ಕನ್ನಡಕ ಏರಿಸಿ ಕಾಗದ ನೋಡಿದರು, ನನ್ನನ್ನು ನೋಡಿದರು.

"ಮುಂಜಾನಿಂದ ಮುನ್ಶಿ ಸಾಬ್ರ ಚಾಪಿ ಮ್ಯಾಲ ಕುಂತಿದ್ದಿ. ಅರ್ಜಿ ಇವನ ಕೈದು ಯಾಕ?"

"ಅವರಿಗಿ ಭಾಳ ಮಂದಿ ಇದ್ರು ರೀ, ಪುರಸೊತ್ತಿಲ್ಲ ಅಂದ್ರು."

"ತಮ್ಮಾ, ನನ್ನ ಬಾಜೂಕೇ ಕಿಡಕಿ ಅದ. ನಿನ್ನ ಬಿಟ್ರ ಅಲ್ಲಿದ್ದಾಂವ ಒಬ್ಬ ಮುದುಕ. ಇದು ಇಟ್ಕೋ ಅಂದ್ರ ಇಟ್ಕೋತೀನಿ. ಇಟ್ಟಲ್ಲೇ ಇರ್ತದ. ನೋಡು ಮತ್ತ."

ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಆ ಕಿಟಕಿ ಬೇರೆ ಗೋಡೆಗೆ ಇದ್ದಿದ್ದರೆ ನಾನು ಆ ಸುಳ್ಳರ್ಜಿಯನ್ನು ಕೊಟ್ಟು ಗಾಡಿ ಹತ್ತಿ ಊರಿಗೆ ಹೋಗಿಬಿಡುತ್ತಿದ್ದೆ. ಇದು ನಾನು ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೂ ಹೆಂಡತಿಗೂ.

ಬೇವಿನ ಕೆಳಗೆ ತಿರುಗಿ ಬಂದಾಗ ಮುನ್ಶಿ ಸಾಬರು ಅಲ್ಲೇ ಇದ್ದರು. ನಾನು ಎಲ್ಲಿಗೆ ಹೋಗಿದ್ದೆ ಎಂಬುದನ್ನು ಅವರು ಕೂತಲ್ಲಿಂದಲೇ ನೋಡಿರಬೇಕು.

"ಉಂಡ್ಯಾ?"

"ಇಲ್ಲರಿ."

"ನಾನೂ ಉಂಡಿಲ್ಲ. ಹೇಳು."

ಹೇಳಿದೆ. ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ಎತ್ತು ಬಿದ್ದ ಜಾಗಕ್ಕೆ ಬಂದಾಗ, ಅದರ ಕಣ್ಣು ತೆರೆದೇ ಇತ್ತು ಎಂದು ಎರಡು ಸಲ ಹೇಳಿದೆ. ಅವರು ನೀರಿನ ತಂಬಿಗೆ ಮುಂದೆ ಸರಿಸಿದರು. ನಾನು ಲಿಂಗವಂತ, ತಮ್ಮ ಕೈಯ ನೀರು ಕುಡಿಯುವೆನೋ ಇಲ್ಲವೋ ಎಂದು ಒಂದು ಕ್ಷಣ ಅನುಮಾನಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳಲು ಹೋದರು. ನಾನು ಇಸಕೊಂಡು ಕುಡಿದೆ.

"ಎತ್ತು ಸತ್ತದ" ಎಂದರು. "ಅದರ ಅರ್ಜಿ ಮ್ಯಾಲಿನಾವಗ ಹೋಗ್ಯದ, ಅದು ನನ್ನ ಕೆಲಸಲ್ಲ. ಆ ಮನಿಶ್ಯಾ ಬದುಕ್ಯಾನಲ್ಲ?"

"ಬದುಕ್ಯಾನ್ರಿ."

"ಮಕ್ಳು ಮರಿ?"

"ಒಬ್ಬಾಕಿ ಮಗಳು. ಶರಣಸಿರಸಗಿಗಿ ಕೊಟ್ಟಾರ್ರಿ."

"ಪಂಚಮಿಗಿ ತವರಿಗಿ ಯಾರ್ ಕರಕೊಂಡ ಬರ್ತಾರ?"

ನಮ್ಮ ಕಡೆ ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ಎಂಥ ಬಡವರೂ ಬಿಡದ ಸಂಪ್ರದಾಯ. ಅಣ್ಣನೋ ಅಪ್ಪನೋ ಹೋಗಲೇಬೇಕು. ಯಾರೂ ಬಾರದ ಹೆಣ್ಣು ಅತ್ತೆಯ ಮನೆಯಲ್ಲಿ ತಲೆ ತಗ್ಗಿಸಿ ಓಡಾಡಬೇಕು. ಶರಣಸಿರಸಗಿ ಕಲಬುರಗಿಯ ಅಂಚಿಗಿದೆ. ಕಮಲಾಪುರದಿಂದ ಹೋಗಲು ಒಂದು ದಿನದ ನಡಿಗೆ, ರಾತ್ರಿ ಅಲ್ಲೇ ಉಳಿಯಬೇಕು. ನಿಗರಾನಿಯಲ್ಲಿದ್ದವನಿಗೆ ಅದಕ್ಕೆ ಅಪ್ಪಣೆಯಿರಲಿಲ್ಲ. ಮೂರು ವರ್ಷ ಒಂದೇ ತೋಟದಲ್ಲಿದ್ದೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಬೇರೆ ಧರ್ಮದ ಈ ಮನುಷ್ಯನಿಗೆ ಒಂದು ಮಾತಿನಲ್ಲಿ ಹೊಳೆಯಿತು.

"ಯಾರೂ ಇಲ್ಲರಿ" ಎಂದೆ.

"ಮೂರು ಪಂಚಮಿ" ಎಂದು ಬೆರಳು ಮಡಿಚಿದರು.

ಆಮೇಲೆ ಪೆಟ್ಟಿಗೆಯಿಂದ ಎರಡು ಹೊಸ ಕಾಗದ ತೆಗೆದರು. "ಮೊದಲ ಅವನದು. ಅವನ ಹೆಸರು ತಗೀರಿ, ಕೋಡು ಕೊಟ್ಟಾಂವ ನಾನು, ಹಾರಿಸ್ದಾಂವ ನಾನು ಅಂತ. ಹಿಂದಿಂದ ನಿನ್ನ ಬಂದೂಕಿಂದು. ಎರಡಕ್ಕೂ ನನ್ನ ಹೆಸರು ಬೀಳ್ತದ. ಒಂದು ಬ್ಯಾಡ ಅಂದ್ರ ಎರಡಕ್ಕೂ ಇಲ್ಲ." ಲೇಖನಿ ಕೈಯಲ್ಲಿ ಹಿಡಿದೇ ಇದ್ದರು. "ಕಿವಿಗೊಟ್ಟು ಕೇಳು. ನಿನಗ ಜುರ್ಮಾನೆ ಆಗಬಹುದು, ಸಜಾ ಭಿ ಆಗಬಹುದು. ಬಂದೂಕ ಸಿಗ್ತದಂತ ನಾ ಹೇಳಂಗಿಲ್ಲ. ಊರಾಗ ಏನ್ ಆಗ್ತದ ಅದು ನಿನಗೇ ಗೊತ್ತು."

"ಊರಿಗಿ ಹೋಗಿ ಅಪ್ಪನ್ನ ಒಂದ್ ಮಾತು ಕೇಳಿ ಬರ್ತೀನ್ರಿ."

"ಹಾರಿಸೂ ಮುಂದ ಕೇಳಿದ್ಯಾ ಅಪ್ಪನ್ನ?"

ಬರೆದರು. ಓದಿ ಹೇಳಿದರು. ಸಹಿ ಮಾಡುವಾಗ ಅವರೇ ಕಲಿಸಿದ ಅಕ್ಷರ ನನ್ನ ಕೈಗೆ ಬರಲಿಲ್ಲ, ಎಲ್ಲ ಸೊಟ್ಟಗಾದವು. ಕಾಗದವನ್ನು ದೂರ ಹಿಡಿದು ನೋಡಿ, "ಅಕ್ಷರ ಕೆಟ್ಟಾವ. ನಡೀತದ" ಎಂದರು. ಅವನ ಅರ್ಜಿಯನ್ನು ಆಗಲೇ ಒಳಗೆ ಕೊಡಿಸಿದರು. ನನ್ನದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಅವನದು ಮುಗಿಯುವವರೆಗೆ ಇದು ಹೊರಗೆ ಬರುವುದಿಲ್ಲ ಎಂದರು.

ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಹೊಡೆಯಲಿಲ್ಲ, ಬೈಯಲಿಲ್ಲ, ಎರಡು ದಿನ ನನ್ನ ಜೊತೆ ಊಟಕ್ಕೆ ಕೂಡಲಿಲ್ಲ. ಬಾವಿಗೆ ಜನ ಇಳಿಸಿ ತುಕ್ಕು ಹಿಡಿದ ಬಂದೂಕನ್ನು ಎತ್ತಿಸಿ ಠಾಣೆಗೆ ಒಪ್ಪಿಸಿದರು. ಪಕ್ಕದ ಹೊಲದವರಿಗೆ ನಮ್ಮ ಕೊಟ್ಟಿಗೆಯ ಒಳ್ಳೆಯ ಎತ್ತೊಂದನ್ನು ಹೊಡೆದುಕೊಂಡು ಹೋಗಿ ಕೊಟ್ಟರು. ಅವರು ಎತ್ತು ಕಟ್ಟಿಕೊಂಡರು, ಆದರೆ ಎರಡು ವರ್ಷ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ. ನನಗೆ ಜುರ್ಮಾನೆಯಾಯಿತು, ಸಜೆ ತಪ್ಪಿತು. ಮಾನ ಉಳಿಸಿಕೊಳ್ಳಲು ಅಪ್ಪ ಕಟ್ಟೆಯ ಮೇಲೆ, "ನನ್ನ ಮಗ ತಾನಾಗೇ ಹೋಗಿ ಹೇಳ್ಯಾನ" ಎಂದು ಹೇಳಿದರು. ಹೆಡ್‌ಮಾಸ್ತರರು ಹೇಳಿದ ಕತೆ ಹುಟ್ಟಿದ್ದು ಹಾಗೆ. ಅಪ್ಪ ಪಾಪ, ಹಾಗೆಯೇ ನಂಬಿದ್ದರು.

ಕಾವಲುಗಾರನಿಗೆ ಹೇಳಲು ಅವನ ಗುಡಿಸಲಿಗೆ ಹೋದೆ. ಹಗ್ಗ ಹೊಸೆಯುತ್ತಿದ್ದ.

"ಕಲಬುರಗಿಗಿ ಹೋಗಿ ಎಲ್ಲಾ ಖರೇ ಹೇಳಿ ಬಂದೀನಿ" ಎಂದೆ.

"ಹೌದಾ" ಎಂದ.

"ನಿನ್ನ ಹಾ‍ಜರಿ ತಪ್ತದ."

"ಯಾವಾಗ್ರಿ?"

"ಹುಕುಂ ಬರಬೇಕು."

"ಹಂಗಾದ್ರ ಬರೂ ಸೋಮವಾರ ಹೋಗಬೇಕೋ ಬ್ಯಾಡೋ ಅದು ಹೇಳ್ರಿ ಸಣ್ಣ ಧಣ್ಯಾರ."

ಹೋಗಬೇಕು ಎಂದೆ. ಹೂಂ ಎಂದು ಹಗ್ಗ ಹೊಸೆಯುವುದನ್ನು ಮುಂದುವರಿಸಿದ. ಆಗ ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರ ಯಾರ್ ನಂಬ್ತಿದ್ರು? ಎರಡ್ ಏಟು ಹೆಚ್ಚಿಗಿ ಬೀಳ್ತಿದ್ವು" ಎಂದ. ನಾನು ಅವನ ಮೌನವನ್ನು ಮೂರು ವರ್ಷ ನಿಷ್ಠೆ ಎಂದುಕೊಂಡು ಸಮಾಧಾನ ಪಟ್ಟಿದ್ದೆ.

ಹುಕುಂ ಬೇಗ ಬರಲಿಲ್ಲ. ಆ ವರ್ಷದ ಪಂಚಮಿಯೂ ತಪ್ಪಿತು. ದೀಪಾವಳಿ ಕಳೆದ ಮೇಲೆ ಅವನ ಹೆಸರು ಪುಸ್ತಕದಿಂದ ಹೋಯಿತು. ಮರುವರ್ಷ ಶ್ರಾವಣದಲ್ಲಿ ಅವನು ತಲೆಗೆ ಹೊಸ ರುಮಾಲು ಸುತ್ತಿ ಶರಣಸಿರಸಗಿಗೆ ನಡೆದ. ಗಾಡಿ ಕೊಡುತ್ತೇನೆಂದರೆ ಬೇಡವೆಂದ. ಎರಡು ದಿನಕ್ಕೆ ಮಗಳು ಬಂದಳು, ಕಂಕುಳಲ್ಲಿ ಅವನು ಅಲ್ಲಿಯವರೆಗೆ ನೋಡಿರದ ಮೊಮ್ಮಗ.

ಮುನ್ಶಿ ಸಾಬರು ಆಮೇಲೆ ಏಳೆಂಟು ವರ್ಷ ಬದುಕಿದ್ದರು. ಕೊನೆಗೆ ಕಣ್ಣು ಮಂಜಾಗಿ ಬರೆಯುವುದು ನಿಂತಿತು. ಆದರೂ ಚಾಪೆಯ ಮೇಲೆ ಬಂದು ಕೂತು, ಪಕ್ಕದ ಬರಹಗಾರನ ಗಿರಾಕಿಗಳ ಮಾತಿಗೆ ಅಡ್ಡ ಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದರಂತೆ. ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ವಾರ ಕಳೆದಿತ್ತು. ಬದುಕಿದ್ದಾಗ, "ಸಾಬ್ರ, ನಿಮ್ಮಿಂದ ಮನುಷ್ಯನಾದೆ" ಎಂಬ ಒಂದು ಮಾತು ನಾನು ಹೇಳಲಿಲ್ಲ. ಹೇಳಿದ್ದರೆ, ಇನ್ನೆರಡು ಸಲ ಹೇಳು ಎನ್ನುತ್ತಿದ್ದರೇನೋ.

ಬಂದೂಕಿನ ಅರ್ಜಿ ಏನಾಯಿತು ಎಂಬುದು ಉಳಿದಿದೆ.

ಹೆಸರು ಹೋದರೆ ಸಾಲದು, ಮಗಳು ತವರಿಗೆ ಬರಬೇಕು ಎಂದು ತಡೆದಿದ್ದ ಮುನ್ಶಿ ಸಾಬರು, ಅವನು ಮಗಳನ್ನು ಕರೆತಂದ ಆ ಶ್ರಾವಣದಲ್ಲೇ ಪೆಟ್ಟಿಗೆಯ ಬೀಗ ತೆಗೆದು ನನ್ನ ಕಾಗದವನ್ನು ಒಳಗೆ ಕೊಟ್ಟರು. ಬಂದೂಕು ಕೊಡುವ ಮೊದಲು ಊರವರ ಅಭಿಪ್ರಾಯ ಕೇಳುವ ಪದ್ಧತಿಯಿತ್ತು. ಅದಕ್ಕಾಗಿ ಮಹಾಗಾಂವದ ಅಮೀನರು, ಅಂದರೆ ಠಾಣೆಯ ಮುಖ್ಯಸ್ಥರು, ನಮ್ಮೂರ ಚಾವಡಿಗೆ ಬಂದು ಕೂತರು. ಊರ ಹಿರಿಯರು ಐದಾರು ಜನ ಕಟ್ಟೆಯ ಮೇಲಿದ್ದರು. ಅಮೀನರು ಅರ್ಜಿ ಬಿಡಿಸಿ, ಮೊದಲು ಕೇಳಬೇಕಾದವನ ಹೆಸರು ಓದಿದರು. ಕಾವಲುಗಾರನ ಹೆಸರು.

"ಅವನಿಗೇನ್ ಕೇಳ್ತೀರಿ ಸಾಹೇಬ್ರ? ನಾವೆಲ್ಲಾ ಇದ್ದೀವಲ್ಲ" ಎಂದರು ಒಬ್ಬ ಹಿರಿಯರು.

"ಕಾಗದದಾಗ ಹಂಗೇ ಬರದದ ಗೌಡ್ರ. ಅವನಿಂದೇ ಶುರು ಮಾಡಬೇಕು" ಎಂದರು ಅಮೀನರು.

ಆ ಸಾಲನ್ನು ಮುನ್ಶಿ ಸಾಬರು ಬರೆದದ್ದು ನನಗೆ ಗೊತ್ತಿರಲಿಲ್ಲ. ಅಂದು ನನಗೆ ಓದಿ ಹೇಳುವಾಗ ಅದೊಂದನ್ನು ಬಿಟ್ಟಿದ್ದರು, ನಾನೂ ಕಾಗದ ಓದಿ ನೋಡದೆ ಸಹಿ ಮಾಡಿದ್ದೆ. ಕರೆ ಹೋಯಿತು. ಅವನು ಬಂದು ಕಟ್ಟೆಯ ಕೆಳಗೆ ನಿಂತ. ಅಮೀನರು ಮೇಲೆ ಬಾ ಎಂದರು. ಹಿರಿಯರ ಮುಖ ನೋಡಿ ಒಂದು ಮೆಟ್ಟಿಲು ಹತ್ತಿ ನಿಂತ.

"ಇವರಿಗಿ ಬಂದೂಕ ಕೊಡಬೇಕೋ ಬ್ಯಾಡೋ? ಅಂಜಬ್ಯಾಡ. ನೀ ಬ್ಯಾಡ ಅಂದ್ರ ನಾ ಬ್ಯಾಡ ಅಂತೇ ಬರಕೋತೀನಿ."

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅವನು ನನ್ನನ್ನು ನೋಡಿದ. ಅವಸರ ಮಾಡಲಿಲ್ಲ. ಅಷ್ಟು ಹೊತ್ತು ಒಬ್ಬರ ಕಣ್ಣಿನ ಮುಂದೆ ನಾನು ಯಾವತ್ತೂ ನಿಂತಿರಲಿಲ್ಲ.

"ಕೊಡ್ರಿ" ಎಂದ. "ಹೋದ ಎತ್ತಿಗಿ ನಾ ನಡದೀನಿ. ಮುಂದಿನ ಎತ್ತಿಗಿ ಅವರೇ ನಡೀತಾರ."

ಅಮೀನರು ಅದನ್ನು ಹಾಗೆಯೇ ಬರೆದುಕೊಂಡರು. ಅವನು ಮೆಟ್ಟಿಲು ಇಳಿದು ಹೋದ.

ಮುಂದಿನ ಸಲ ಕಲಬುರಗಿಗೆ ಹೋದಾಗ ಮುನ್ಶಿ ಸಾಬರನ್ನು ಕೇಳಿದೆ. ಲೈಸನ್ಸು ಬಂದಿತ್ತು. ಅದನ್ನು ಅವರ ಮುಂದೆ ಹಿಡಿದು, ಮೊದಲು ಅವನನ್ನೇ ಕೇಳಬೇಕೆಂದು ಯಾಕೆ ಬರೆದಿರಿ, ಅವನು ಬೇಡ ಎಂದಿದ್ದರೆ ಎಂದೆ.

"ನಿನಗ ಬಂದೂಕ ಬೇಕಾಗಿತ್ತು, ಬರದೆ" ಎಂದರು. "ಅವನಿಗಿ ಬ್ಯಾಡ ಅನ್ನೂ ಹಕ್ಕು ಬೇಕಾಗಿತ್ತು, ಅದೂ ಬರದೆ. ಈಗ ಬಾಜೂಕ ಸರಿ, ಹಿಂದ ಮಂದಿ ನಿಂತಾರ."